ಅಡಿಕೆ ಚಪ್ಪರಕ್ಕೆ ಬಂದ ಶಾಲೆ

ದಸರಾ ರಜೆ ಮುಗಿದು ಮಲೆನಾಡಿನ ಸರ್ಕಾರಿ ಶಾಲೆಯ ಗೇಟು ತೆಗೆದ ದಿನ ಮೊದಲು ಎದುರಾಗುವುದು ಹುಲ್ಲು. ಜೂನ್‌ನಿಂದ ಹೊಡೆದ ಮಳೆಗೆ ಮೊಳಕಾಲುದ್ದ ಎದ್ದು, ರಜೆಯಲ್ಲಿ ತುಳಿಯುವ ಕಾಲುಗಳಿಲ್ಲದೆ ಇನ್ನಷ್ಟು ಸೊಕ್ಕಿದ ಹುಲ್ಲು. ಧ್ವಜಸ್ತಂಭದ ಕಟ್ಟೆ ಪಾಚಿಗಟ್ಟಿರುತ್ತದೆ. ಹಂಚು ಸರಿದ ಕಡೆ ಒಂದನೇ ತರಗತಿಯ ಗೋಡೆಯ ಮೇಲೆ ನೀರಿಳಿದ ಗುರುತು. ಬಿಸಿಯೂಟದ ಕೋಣೆಯ ಹಿಂದೆ ನಾಚಿಕೆಮುಳ್ಳು ಹಬ್ಬಿರುತ್ತದೆ. ನವೆಂಬರ್ 1ಕ್ಕೆ ಅದೇ ಅಂಗಳದಲ್ಲಿ ಬಾವುಟ ಏರಬೇಕು, 14ಕ್ಕೆ ಮಕ್ಕಳ ದಿನಾಚರಣೆಯ ಚಮಚ-ನಿಂಬೆಹಣ್ಣಿನ ಓಟ ನಡೆಯಬೇಕು. ಸಾಗರ ತಾಲ್ಲೂಕಿನ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹುಲ್ಲು ಹೆರೆಯಲು ಜವಾನನಿಲ್ಲ, ತೋಟಗಾರನಿಲ್ಲ. ಇರುವವರು ಇಬ್ಬರು ಅಕ್ಕೋರು, ಇಬ್ಬರು ಅಡುಗೆಯವರು, ಮತ್ತೆ ಊರು.

ಹಾಗಾಗಿ ಅಕ್ಟೋಬರ್ ಕೊನೆಯ ಒಂದು ಭಾನುವಾರ ಊರಿನವರೇ ಸೇರುತ್ತಾರೆ. ಕತ್ತಿ, ಹಾರೆ, ಗುದ್ದಲಿ ಹಿಡಿದವರು ಒಂದಷ್ಟು ಜನ. ಹೆಗಲಿಗೆ ಕಳೆ ಕೊಚ್ಚುವ ಮಿಷನ್ ಹಾಕಿಕೊಂಡು, ತನ್ನದೇ ಪೆಟ್ರೋಲು ಸುಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಅಂಗಳ ಸವರುವ ಒಬ್ಬ ಅಪ್ಪನನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆತನ ಮಗಳು ನಾಲ್ಕನೇ ತರಗತಿ. ಆ ಅಪ್ಪ ಪೋಷಕರ ಸಭೆಗೆ ಬಂದಿದ್ದನ್ನು ಮಾತ್ರ ನಾನು ನೋಡಿಲ್ಲ. ಸಭೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಜಾಗ ಖಾಲಿ. ಆ ಪುಸ್ತಕವನ್ನಷ್ಟೇ ನೋಡಿದ ಯಾವ ಅಧಿಕಾರಿಗೂ ಇವನು ಮಗಳ ಓದಿನ ಬಗ್ಗೆ ಕಾಳಜಿಯಿಲ್ಲದ ಮನುಷ್ಯ ಎಂದೇ ಅನ್ನಿಸೀತು. ‘ನಮ್ಮ ಪೋಷಕರಿಗೆ ಆಸಕ್ತಿಯೇ ಇಲ್ಲ’ ಎಂಬ ಮಾತು ತರಬೇತಿಗಳಲ್ಲಿ, ಭಾಷಣಗಳಲ್ಲಿ, ಶಿಕ್ಷಕರ ಕೊಠಡಿಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಸಭೆಯನ್ನು ಎಷ್ಟು ಹೊತ್ತಿಗೆ ಕರೆದಿದ್ದರು ಎಂದು ಯಾರೂ ಕೇಳುವುದಿಲ್ಲ.

ಆ ಹೊತ್ತಿನದೇ ಇಲ್ಲಿ ಮುಖ್ಯ ಮಾತು. ನಮ್ಮ ರಾಜ್ಯದ ಶಾಲಾ ವರ್ಷ ಎರಡು ಅವಧಿಯದು. ಸೆಪ್ಟೆಂಬರಿನಲ್ಲಿ ಮೊದಲ ಸಂಕಲನಾತ್ಮಕ ಮೌಲ್ಯಮಾಪನ, ಆಮೇಲೆ ದಸರಾ ರಜೆ, ಅದರ ಬೆನ್ನಿಗೆ ಎರಡನೇ ಅವಧಿ. ಶಾಲೆಗೆ ಊರು ಬೇಕಾಗುವುದೆಲ್ಲ ಈ ಎರಡನೇ ಅವಧಿಯ ಮೊದಲ ಎರಡು ತಿಂಗಳಲ್ಲೇ. ಪ್ರತಿಭಾ ಕಾರಂಜಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಮೌಲ್ಯಮಾಪನದ ಫಲಿತಾಂಶ ಹೇಳುವ ‘ಸಮುದಾಯದತ್ತ ಶಾಲೆ’, ಪಂಚಾಯಿತಿಯ ಮಕ್ಕಳ ಗ್ರಾಮಸಭೆ, ಪ್ರವಾಸದ ತಯಾರಿ, ವಾರ್ಷಿಕೋತ್ಸವದ ಚಂದಾ. ಇದೇ ಎರಡು ತಿಂಗಳಲ್ಲಿ ಊರಿಗೂ ಉಸಿರಾಡಲು ಪುರಸೊತ್ತಿರುವುದಿಲ್ಲ. ಮಲೆನಾಡಿನಲ್ಲಿ ಅಡಿಕೆಯ ಕೊನೆ ಕೊಯ್ಲು ಶುರು, ಗದ್ದೆಯಲ್ಲಿ ಭತ್ತ ತೆನೆಬಾಗಿ ಕುಡುಗೋಲಿಗೆ ಕಾದಿರುತ್ತದೆ. ಬಯಲುಸೀಮೆಯಲ್ಲಿ ಮೆಕ್ಕೆಜೋಳ, ರಾಗಿ. ರಾಯಚೂರು, ಯಾದಗಿರಿ ಕಡೆ ಹತ್ತಿ ಒಡೆದಿರುತ್ತದೆ. ಶಾಲೆಯ ಸುಗ್ಗಿ, ಹೊಲದ ಸುಗ್ಗಿ ಎರಡೂ ಒಂದೇ ದಿನಗಳ ಮೇಲೆ ಬಂದು ಕೂತಿವೆ. ಮಧ್ಯಾಹ್ನ ಮೂರು ಗಂಟೆಗೆ ಸಭೆ ಎಂದು ಮಗುವಿನ ಡೈರಿಯಲ್ಲಿ ಚೀಟಿ ಅಂಟಿಸಿ ಕಳಿಸಿದರೆ, ಆ ಹೊತ್ತಿಗೆ ಆ ಮಗುವಿನ ತಾಯಿ ಇನ್ನೊಬ್ಬರ ಗದ್ದೆಯಲ್ಲಿ ಬಗ್ಗಿ ನಿಂತಿರುತ್ತಾಳೆ. ಎದ್ದು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ.

ಕಾನೂನಿನಲ್ಲಿ ಆಕೆಗೆ ಕೊಟ್ಟಿರುವ ಸ್ಥಾನ ಸಣ್ಣದಲ್ಲ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬಳಿಕ 2001ರಲ್ಲಿ ಕರ್ನಾಟಕ ಸರ್ಕಾರ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಲು ಆದೇಶಿಸಿತು. ಎಸ್‌ಡಿಎಂಸಿ ಎಂಬ ಹೆಸರು ಈಗ ಹಳ್ಳಿಯ ಅಜ್ಜಿಯರ ಬಾಯಲ್ಲೂ ಸಲೀಸು. ಅದಕ್ಕೆ ಮುಂಚೆ ಗ್ರಾಮ ಶಿಕ್ಷಣ ಸಮಿತಿ ಇತ್ತು, ಊರಿನ ದೊಡ್ಡವರೆಲ್ಲ ಅದರಲ್ಲಿರುತ್ತಿದ್ದರು. ಎಸ್‌ಡಿಎಂಸಿ ಬಂದ ಮೇಲೆ ಆ ಶಾಲೆಯಲ್ಲೇ ಮಗುವನ್ನು ಓದಿಸುವವರಿಗೆ ಅಧಿಕಾರ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಇದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಸಮಿತಿಯ ಮುಕ್ಕಾಲು ಪಾಲು ತಂದೆ-ತಾಯಿಯರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಮಕ್ಕಳ ಸಂಖ್ಯೆಗೆ ತಕ್ಕ ಪಾಲು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ದುಡ್ಡು ಹೇಗೆ ಖರ್ಚಾಯಿತೆಂದು ನೋಡುವುದು ಅವರ ಕೆಲಸ. ಇಷ್ಟು ಒಳ್ಳೆಯ ಕಾನೂನು ಎಷ್ಟೋ ಊರುಗಳಲ್ಲಿ ಸಹಿಯ ಮಟ್ಟಕ್ಕೆ ಇಳಿದಿದೆ. ಠರಾವು ಪುಸ್ತಕ ಮನೆಗೇ ಬರುತ್ತದೆ, ಗಂಡ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹೆಂಡತಿ ಸಹಿ ಹಾಕುತ್ತಾಳೆ. ಇದು ನನಗೆ ತುಂಬ ನೋವು ತರುವ ಸಂಗತಿ. ಸಹಿ ಪಡೆಯಲು ಮನೆಯ ದಾರಿ ಗೊತ್ತಿರುವ ವ್ಯವಸ್ಥೆಗೆ ಆಕೆಯೊಡನೆ ಮಗುವಿನ ಬಗ್ಗೆ ಹತ್ತು ನಿಮಿಷ ಮಾತಾಡಲೂ ಅದೇ ದಾರಿಯಲ್ಲಿ ಹೋಗಬಹುದೆಂದು ಹೊಳೆಯದೇ ಹೋಯಿತಲ್ಲ ಎಂದು.

ಶಾಲೆಯೇ ಮನೆಗೆ ಹೋಗುವ ರೂಢಿ ನಮ್ಮಲ್ಲಿ ಹೊಸದೇನಲ್ಲ. ಸರ್ಕಾರಿ ಶಾಲೆಗಳು ಊರೂರಿಗೆ ಬರುವ ಮುಂಚೆ ಐಗಳ ಮಠಗಳಿದ್ದವು, ಕೂಲಿಮಠ ಎಂದೂ ಕರೆಯುತ್ತಿದ್ದರು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ಗೊತ್ತಾದ ಸಂಬಳವಿರಲಿಲ್ಲ. ಮಹಾನವಮಿ ಬಂತೆಂದರೆ ಅವರು ಶಿಷ್ಯರನ್ನು ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಹುಡುಗರು ಮಾನೌಮಿ ಚೌಪದ ಹೇಳುತ್ತಿದ್ದರು, ಮನೆಯವರು ಕಾಸು, ಅಕ್ಕಿ, ಬೆಲ್ಲ, ಕಾಯಿ ಕೊಡುತ್ತಿದ್ದರು. ಕರಾವಳಿಯ ಕುಂದಾಪುರ, ಉಡುಪಿ ಕಡೆ ಇದೇ ನವರಾತ್ರಿಯಲ್ಲಿ ಹೂವಿನಕೋಲು ಹೊರಡುತ್ತದೆ. ಎದುರುಬದುರು ಕೂತ ಹುಡುಗರು ಬಣ್ಣದ ಕಾಗದ ಸುತ್ತಿದ ಕೋಲು ಹಿಡಿದು ಯಕ್ಷಗಾನದ ಪ್ರಸಂಗದ ಅರ್ಥ ಹೇಳುತ್ತಾರೆ, ಪಕ್ಕದಲ್ಲಿ ಭಾಗವತರು, ಮದ್ದಳೆ. ಹಿಂದೆ ಐಗಳೇ ಮಕ್ಕಳಿಗೆ ಇದನ್ನು ಕಲಿಸಿ ಕರೆದೊಯ್ಯುತ್ತಿದ್ದರು, ಈಗ ಮಕ್ಕಳ ಮೇಳಗಳು ಅದನ್ನು ಉಳಿಸಿಕೊಂಡಿವೆ. ಆ ಮಠಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ, ಎಷ್ಟೋ ಜಾತಿಯ ಮಕ್ಕಳಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. ಆ ಕಾಲ ಮರಳಿ ಬರಲಿ ಎಂದು ಯಾರೂ ಬಯಸಬಾರದು. ಆದರೆ ವರ್ಷಕ್ಕೊಮ್ಮೆ, ಹೊಸ ಬೆಳೆ ಬರುವ ಹೊತ್ತಿಗೆ, ಮಗು ಏನು ಕಲಿತಿದೆ ಎಂಬುದನ್ನು ಅದರ ಮನೆಯ ಜಗಲಿಯ ಮೇಲೇ ಕೇಳಿಸಿ ಬರುವ ಪದ್ಧತಿ ಇತ್ತಲ್ಲ, ಅದನ್ನು ಬಿಟ್ಟುಕೊಡಬಾರದಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನಮ್ಮ ಶಿಕ್ಷಕರು ಈಗಲೂ ಮನೆಮನೆಗೆ ಹೋಗುತ್ತಾರೆ. ಮತದಾರರ ಪಟ್ಟಿಗೆ ಹೋಗುತ್ತಾರೆ, ಗಣತಿಗೆ ಹೋಗುತ್ತಾರೆ. 2025ರ ದಸರೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ 60 ಪ್ರಶ್ನೆಗಳನ್ನು ಹಿಡಿದು ಮೊಬೈಲ್ ನೆಟ್‌ವರ್ಕ್ ಸಿಗುವ ದಿಬ್ಬಗಳನ್ನೆಲ್ಲ ಹತ್ತಿಳಿದರು. ಕೆಲಸ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಾಡಿನ ಲೆಕ್ಕ ಸರಿಯಾಗಿ ಸಿಗುವುದು ಬಡಮಕ್ಕಳಿಗೇ ಒಳ್ಳೆಯದು. ಆದರೆ ಮನೆಯಲ್ಲಿ ಫ್ರಿಜ್ಜು ಇದೆಯೇ ಎಂದು ಕೇಳಲು ಬಂದ ಶಿಕ್ಷಕಿಗೆ, ಅದೇ ಜಗಲಿಯಲ್ಲಿ ಕೂತು ಆ ಮನೆಯ ಮಗುವಿನ ಓದಿನ ಮಾತಾಡಲು ಇಲಾಖೆಯ ವೇಳಾಪಟ್ಟಿಯಲ್ಲಿ ಒಂದು ದಿನವೂ ಇಲ್ಲ.

ನಮ್ಮೂರಿನ ಅಕ್ಕೋರೊಬ್ಬರು ಅಂಥ ದಿನವೊಂದನ್ನು ತಾವೇ ಮಾಡಿಕೊಂಡರು.

ಮಲೆನಾಡಿನ ಅಡಿಕೆ ಚಪ್ಪರ ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮನೆಯ ಮುಂದಿನ ಅಂಗಳದ ಮೇಲೆ ಅಡಿಕೆ ದಬ್ಬೆ ಹಾಸಿ ಕಟ್ಟುವ ಮಾಡು ಅದು. ಮೇಲೆ ಬೇಯಿಸಿದ ಅಡಿಕೆ ಒಣಗುತ್ತದೆ, ಕೆಳಗಿನ ನೆರಳಲ್ಲಿ ಮನೆಯ ಕೆಲಸಗಳೆಲ್ಲ ಆಗುತ್ತವೆ. ಹಗಲು ಕೊನೆಗಾರ ಇಳಿಸಿದ ಹಸಿ ಗೊನೆ ಸಂಜೆಗೆ ಚಪ್ಪರದ ಕೆಳಗೆ ರಾಶಿ ಬೀಳುತ್ತದೆ. ಕತ್ತಲಾಗುತ್ತಿದ್ದಂತೆ ಹೆಂಗಸರು ಒಬ್ಬೊಬ್ಬರೇ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಕತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕಾಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕೂಲಿ ಡಬ್ಬದ ಲೆಕ್ಕದಲ್ಲಿ. ಸುಲಿಯುವ ಮಿಷನ್ ಬಂದ ಮೇಲೆ ಕೈಸುಲಿತ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಹಗಲೆಲ್ಲ ಗದ್ದೆಯಲ್ಲೋ ತೋಟದಲ್ಲೋ ದುಡಿದವರು ರಾತ್ರಿ ಹತ್ತರವರೆಗೆ ಇಲ್ಲಿ ಕೂತು ಇನ್ನಷ್ಟು ಗಳಿಸುತ್ತಾರೆ. ಅವರ ಮಕ್ಕಳು ಅಲ್ಲೇ ಗೋಣಿಚೀಲದ ಮೇಲೆ ಕೂತು ಪುಸ್ತಕ ಬಿಚ್ಚಿರುತ್ತಾರೆ, ಇಲ್ಲವೇ ಸಿಪ್ಪೆಯ ರಾಶಿಗೆ ಒರಗಿ ನಿದ್ದೆ ಹೋಗಿರುತ್ತಾರೆ.

ಅಕ್ಟೋಬರಿನ ಸಭೆಗೆ ಚೀಟಿ ಕಳಿಸಿದಾಗ ಬಂದವರು ಬೆರಳೆಣಿಕೆಯಷ್ಟು ಜನ. ಮಾರನೆಯ ದಿನ ಅಕ್ಕೋರು ದಾರಿಯಲ್ಲಿ ಸಿಕ್ಕ ಒಬ್ಬ ತಾಯಿಯನ್ನು ಕೇಳಿದರು. “ಬರೂಕ್ಕೆ ಮನ್ಸಿಲ್ದೆ ಅಲ್ಲ ಅಕ್ಕೋರೇ. ಹಗಲು ಕುಯ್ಲು, ರಾತ್ರಿ ಸುಲ್ಯದು. ನಾವು ಕೈ ಖಾಲಿ ಆಗಿ ಕೂರದು ಶಿವರಾತ್ರಿ ಮ್ಯಾಲೇ” ಎಂದಳಂತೆ. ಶಿವರಾತ್ರಿಯ ಹೊತ್ತಿಗೆ ಶಾಲಾ ವರ್ಷವೇ ಮುಗಿಯಲು ಬಂದಿರುತ್ತದೆ. ಅಕ್ಕೋರು ತೋಟದ ಮನೆಯ ಯಜಮಾನರಿಗೆ ಒಂದು ಮಾತು ಹೇಳಿ, ಶನಿವಾರ ಸಂಜೆ ಏಳು ಗಂಟೆಗೆ ಮಕ್ಕಳ ನೋಟ್‌ಪುಸ್ತಕ, ಪ್ರಗತಿಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಚಪ್ಪರಕ್ಕೇ ಬಂದರು. ಆಗ ಎಸ್‌ಡಿಎಂಸಿಯಲ್ಲಿದ್ದ ನಾನೂ ಜೊತೆಗಿದ್ದೆ.

ಅವರಿಗೆ ಕುರ್ಚಿ ತಂದುಕೊಟ್ಟರು. ಅವರು ಅದನ್ನು ಬದಿಗಿಟ್ಟು ಮಣೆ ಎಳೆದುಕೊಂಡು ಮೆಟ್ಟುಗತ್ತಿಗಳ ಸಾಲಿನ ಎದುರೇ ಕೂತರು. ಸುಲಿಯುವ ಕೈಗಳು ನಿಲ್ಲಲಿಲ್ಲ, ನಿಲ್ಲಿಸಿ ಎಂದು ಅವರೂ ಹೇಳಲಿಲ್ಲ. ಒಬ್ಬ ಹುಡುಗನ ಅಮ್ಮನಿಗೆ ಓದಲು ಬರುವುದಿಲ್ಲ. ಅಕ್ಕೋರು ಆಕೆಗೆ ಅಂಕವನ್ನಾಗಲೀ ಗ್ರೇಡನ್ನಾಗಲೀ ಹೇಳಲಿಲ್ಲ. ಜುಲೈನ ನೋಟ್‌ಪುಸ್ತಕ, ಅಕ್ಟೋಬರಿನ ನೋಟ್‌ಪುಸ್ತಕ ಎರಡನ್ನೂ ಬಲ್ಬಿನ ಬೆಳಕಿಗೆ ಅಕ್ಕಪಕ್ಕ ಹಿಡಿದರು. ಒಂದರಲ್ಲಿ ಗೆರೆ ಬಿಟ್ಟು ಹತ್ತಿಳಿಯುವ ದೊಡ್ಡ ದೊಡ್ಡ ಅಕ್ಷರ, ಇನ್ನೊಂದರಲ್ಲಿ ಗೆರೆಯ ಮೇಲೆ ಕೂತ ಸಣ್ಣ ಅಕ್ಷರ. ಆ ತಾಯಿ ಕತ್ತಿಯಿಂದ ಕಾಲು ತೆಗೆದಳು. ಚೊಗರಿನಿಂದ ಕಪ್ಪಾದ ಬೆರಳು ಹಾಳೆಗೆ ತಾಗದಂತೆ ಸೆರಗಿನಿಂದ ಪುಸ್ತಕ ಹಿಡಿದು ಎರಡನ್ನೂ ಬಹಳ ಹೊತ್ತು ನೋಡಿದಳು. “ಇದು ನಮ್ಮನೆ ಹುಡ್ಗನ ಕೈಯೇನ್ರೀ?” ಎಂದಳು.

ಇನ್ನೊಬ್ಬಳಿಗೆ ಬೇರೆಯದೇ ಚಿಂತೆ. “ಕ್ಲಾಸಲ್ಲಿ ಬರೀ ಕಾರ್ಡು ಇಟ್ಕಂಡು ಆಟ ಆಡಿಸ್ತೀರಿ ಅಂತಾಳೆ ಮಗಳು. ಮಗ್ಗಿ ಬಾಯಿಪಾಠ ಯಾವಾಗ ಮಾಡಿಸದು ಅಕ್ಕೋರೇ?” ನಲಿಕಲಿಯ ಬಗ್ಗೆ ಈ ಅನುಮಾನ ರಾಜ್ಯದ ಎಷ್ಟೋ ಊರುಗಳ ಪೋಷಕರಿಗೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಕಟ್ಟಿದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಗದ್ದಲದಂತೆ ಕಾಣುತ್ತದೆ, ಒಮ್ಮೆಯಾದರೂ ಯಾರಾದರೂ ಬಿಡಿಸಿ ಹೇಳಬೇಕು. ಅಕ್ಕೋರು ಸುಲಿದ ಅಡಿಕೆಯನ್ನೇ ತೆಗೆದುಕೊಂಡು ಹತ್ತತ್ತರ ಗುಂಪು ಮಾಡಿ, ಬಿಡಿಯನ್ನು ಬೇರೆ ಇಟ್ಟು, ಆ ಹುಡುಗಿಯನ್ನೇ ಕರೆದು ಕೇಳಿದರು. ಮೂರು ಗುಂಪು, ನಾಲ್ಕು ಬಿಡಿ. ಮೂವತ್ತನಾಲ್ಕು ಎಂದಳು ಹುಡುಗಿ. ಎರಡು ಗುಂಪು ತೆಗೆದರೆ? ಹದಿನಾಲ್ಕು. ತಾಯಿಯ ಮುಖದ ಗಂಟು ಸಡಿಲಾಯಿತು.

ಆಮೇಲೆ ನಡೆದದ್ದನ್ನು ಯಾವ ತರಬೇತಿ ಕೈಪಿಡಿಯಲ್ಲೂ ನಾನು ಓದಿಲ್ಲ. ಡಬ್ಬದ ಲೆಕ್ಕವನ್ನು ಆ ಹೆಂಗಸರು ಬಾಯಲ್ಲೇ, ಅರ್ಧ ಕಾಲು ಸಮೇತ, ಚಕಚಕ ಹೇಳುವುದನ್ನು ಕಂಡು ಅಕ್ಕೋರು ಅದನ್ನೇ ಮನೆಗೆಲಸವಾಗಿ ಕೊಟ್ಟರು. ಪ್ರತಿ ರಾತ್ರಿ ಅಮ್ಮ ಎಷ್ಟು ಡಬ್ಬ ಸುಲಿದಳೆಂದು ಮಗು ನೋಟ್‌ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಬೇಕು, ವಾರದ ಕೊನೆಗೆ ಕೂಡಿ, ಬರಬೇಕಾದ ಕೂಲಿ ಎಷ್ಟೆಂದು ಹೇಳಬೇಕು. ಸುಲಿಯುವುದಕ್ಕೆ ಮಾತ್ರ ಮಕ್ಕಳನ್ನು ಕೂರಿಸಬಾರದು ಎಂದು ಕಟ್ಟುನಿಟ್ಟು ಮಾಡಿದರು, ಮೆಟ್ಟುಗತ್ತಿಗೆ ಸಿಕ್ಕ ಬೆರಳುಗಳನ್ನು ಅವರು ಕಂಡಿದ್ದಾರೆ. ಆ ಸುಗ್ಗಿ ಮುಗಿಯುವವರೆಗೆ ಮೂರು-ನಾಲ್ಕನೇ ತರಗತಿಯ ಮಕ್ಕಳ ಪುಸ್ತಕಗಳಲ್ಲಿ ಅಮ್ಮಂದಿರ ದುಡಿಮೆ ದಾಖಲಾಯಿತು. ಕೂಡುವುದು, ಗುಣಿಸುವುದು, ದಶಮಾಂಶ ಎಲ್ಲ ಅದರಲ್ಲೇ ಬಂತು. ಕೂಲಿ ಕೊಡುವಾಗ ಯಜಮಾನರ ಲೆಕ್ಕಕ್ಕೂ ಹುಡುಗಿಯ ಲೆಕ್ಕಕ್ಕೂ ಒಮ್ಮೆ ಅರ್ಧ ಡಬ್ಬದ ವ್ಯತ್ಯಾಸ ಬಂದಾಗ ತಾಯಿ ಮಗಳ ನೋಟ್‌ಪುಸ್ತಕವನ್ನೇ ಮುಂದಿಟ್ಟಳು, ಯಜಮಾನರು ಒಪ್ಪಿದರು.

ಮಾತಿನ ನಡುವೆ ಇನ್ನೂ ಕೆಲವು ಹೊರಬಿದ್ದವು. ಎರಡನೇ ತರಗತಿಯ ಒಬ್ಬಳು ಪ್ರತಿ ಗುರುವಾರ ಗೈರಾಗುತ್ತಿದ್ದದ್ದು ಯಾಕೆಂದು ಶಾಲೆಗೆ ಗೊತ್ತಿರಲಿಲ್ಲ. ಗುರುವಾರ ಸಂತೆ. ಅಮ್ಮ ತರಕಾರಿ ಮಾರಲು ಹೋದರೆ ಒಂದೂವರೆ ವರ್ಷದ ತಮ್ಮನನ್ನು ಎತ್ತಿಕೊಳ್ಳುವವಳು ಇವಳೇ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಮುದುಕಿಯೊಬ್ಬಳು, “ಗುರುವಾರ ನಮ್ಮನೇಲಿ ಬಿಟ್ಟು ಹೋಗೇ, ನಾನೇನು ಮಾಡ್ತಾ ಇರ್ತೀನಿ?” ಎಂದಳು. ಅಷ್ಟಕ್ಕೇ ಮುಗಿಯಿತು. ಹಾಜರಿ ಕಡಿಮೆ ಎಂದು ಎಷ್ಟು ನೋಟಿಸು ಕಳಿಸಿದ್ದರೂ ಈ ಪರಿಹಾರ ಶಾಲೆಯ ಕೋಣೆಯೊಳಗೆ ಹುಟ್ಟುತ್ತಿರಲಿಲ್ಲ.

ಪೋಷಕರು ಶಾಲೆಗೆ ಏನು ಕೊಡಬಲ್ಲರು ಎಂದು ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರುವುದು ದುಡ್ಡು ಮತ್ತು ಶ್ರಮ. ಬೆಂಚು, ಫ್ಯಾನು, ಸ್ಮಾರ್ಟ್ ಟಿವಿ, ಕಾಂಪೌಂಡು. ಕೊಟ್ಟವರ ಹೆಸರು ಗೋಡೆಯ ಮೇಲೆ ಬರೆಯುತ್ತೇವೆ, ಅದು ಸರಿಯೇ. ಆದರೆ ಈ ಋತುವಿನಲ್ಲಿ ನಮ್ಮ ಮನೆಗಳಲ್ಲಿ ಇರುವ ವಿದ್ಯೆಯನ್ನು ಶಾಲೆ ಕೇಳಿದ್ದು ತೀರಾ ಕಡಿಮೆ. ಆಶ್ವೀಜದ ಹುಣ್ಣಿಮೆ, ನಮ್ಮ ಕಡೆಯ ಭೂಮಿ ಹುಣ್ಣಿಮೆ, ಸಾಗರ-ಸೊರಬದ ದೀವರ ಮನೆಗಳಲ್ಲಿ ದೊಡ್ಡ ಹಬ್ಬ. ಅದಕ್ಕೆ ದಿನಗಟ್ಟಲೆ ಮುಂಚೆ ಹೆಂಗಸರು ಭೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿನಾರಿನ ಕುಂಚದಲ್ಲಿ ಎಳೆದ ಗೆರೆ ಕೂದಲಿನಷ್ಟು ಸಣ್ಣ, ಸ್ಕೇಲಿಟ್ಟಷ್ಟು ನೇರ. ಹಬ್ಬದ ದಿನ ನಸುಕಿನಲ್ಲಿ ಬೆರಕೆ ಸೊಪ್ಪು, ಅನ್ನ ಕಲಸಿದ ಎಡೆಯನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಬೀರಿ, ತೆನೆ ಹೊತ್ತ ಭೂಮಿಗೆ ಬಯಕೆಯ ಊಟ ಬಡಿಸುತ್ತಾರೆ. ಈ ಹಬ್ಬ ದಸರೆಯ ರಜೆಯ ಆಸುಪಾಸಿನಲ್ಲೇ ಬೀಳುತ್ತದೆ. ಶಾಲೆ ತೆರೆದ ವಾರ ನಮ್ಮ ಅಕ್ಕೋರು ಚಿತ್ತಾರದ ಅಜ್ಜಿಯೊಬ್ಬರನ್ನು ಕರೆಸಿ, ನೀರಿನ ಕಲೆ ಬಿದ್ದ ಆ ಗೋಡೆಗೆ ಮಣ್ಣು ಬಳಿಸಿ ಮಕ್ಕಳ ಕೈಗೆ ಕುಂಚ ಕೊಡಿಸಿದರು. ಅಜ್ಜಿ ಒಂದು ಚೌಕದೊಳಗೆ ಎಷ್ಟು ಎಳೆ ಬರಬೇಕೆಂದು ಎಣಿಸಿ ತೋರಿಸಿದರು, ಐದನೇ ತರಗತಿಯ ಸಮಮಿತಿಯ ಪಾಠವನ್ನು ಅಕ್ಕೋರು ಅದೇ ಗೋಡೆಯ ಮುಂದೆ ಮಾಡಿದರು. ತನ್ನ ಅಜ್ಜಿಯನ್ನು ಎಲ್ಲರೂ ‘ಟೀಚರ್’ ಎಂದು ಕರೆದದ್ದು ಆ ಮನೆಯ ಮೊಮ್ಮಗನಿಗೆ ಎಂಥ ಹಿಗ್ಗು ತಂದಿತೆಂದು ನಾನು ಕಣ್ಣಾರೆ ನೋಡಿದ್ದೇನೆ.

ಪ್ರತಿಭಾ ಕಾರಂಜಿಯೂ ಹಾಗೆಯೇ, ಹೆಸರಿಗೆ ಮಕ್ಕಳದು, ಅರ್ಧ ಮನೆಯವರದು. ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಏರುವ ಈ ಸ್ಪರ್ಧೆಯಲ್ಲಿ ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಮಣ್ಣಿನ ಮಾದರಿ ಎಲ್ಲ ಇದೆ. ಎಲ್ಲ ಮನೆಗಳನ್ನೂ ಎಬ್ಬಿಸುವುದು ಮಾತ್ರ ಛದ್ಮವೇಷ. ಕಿತ್ತೂರು ಚೆನ್ನಮ್ಮನ ಕತ್ತಿ ರಟ್ಟಿನಲ್ಲಿ ಆಗಬೇಕು, ಒನಕೆ ಓಬವ್ವನಿಗೆ ಒನಕೆ ಯಾರ ಮನೆಯಲ್ಲಿದೆ ಎಂದು ಹುಡುಕಬೇಕು, ಸಾಲುಮರದ ತಿಮ್ಮಕ್ಕನಿಗೆ ಅಜ್ಜಿಯ ಇಳಕಲ್ ಸೀರೆ ಸಾಲ ಕೇಳಬೇಕು. ಪೇಟೆಯ ಶಾಲೆಗಳ ಮಕ್ಕಳು ಬಾಡಿಗೆಗೆ ತಂದ ಮಿರುಗುವ ಉಡುಪಿನಲ್ಲಿ ಬರುತ್ತಾರೆ. ತೀರ್ಪುಗಾರರಾಗಿ ಕೂರುವವರಲ್ಲಿ ನನ್ನದೊಂದು ವಿನಂತಿಯಿದೆ. ರಟ್ಟು, ಅಂಟು, ಬಾಳೆನಾರಿನಲ್ಲಿ ತಾಯಿಯೊಬ್ಬಳು ರಾತ್ರಿ ಕೂತು ಮಾಡಿದ ಕಿರೀಟಕ್ಕೆ ಬಾಡಿಗೆಯ ಕಿರೀಟಕ್ಕಿಂತ ಎರಡು ಅಂಕ ಹೆಚ್ಚು ಕೊಡಿ. ಮಗು 1824ರ ಕಿತ್ತೂರಿನ ಕಾಳಗದ ಕಥೆಯನ್ನು ಕೇಳಿದ್ದು ಆ ಕತ್ತಿಗೆ ಅಂಟು ಹಚ್ಚುವಾಗಲೇ.

ಶಾಲೆಯ ಅಡುಗೆಮನೆಯ ಮಾತನ್ನು ಸಣ್ಣದಾಗಿಯಾದರೂ ಹೇಳದೆ ಮುಂದೆ ಹೋಗಲಾರೆ. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದರ ಒಲೆಯ ಮುಂದೆ ನಿಂತವರು ಊರಿನ ಹೆಂಗಸರು, ಬಹುಪಾಲು ಅದೇ ಶಾಲೆಯಲ್ಲಿ ಮಕ್ಕಳನ್ನು ಓದಿಸಿದವರು. 2024ರ ಸೆಪ್ಟೆಂಬರ್ 25ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರದ ಆರು ದಿನವೂ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಮಕ್ಕಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಅನ್ನ, ಸಾಂಬಾರು, ಹಾಲಿನ ಜೊತೆಗೆ ದಿನವೂ ಅಷ್ಟು ಮೊಟ್ಟೆ ಬೇಯಿಸಿ ಸುಲಿಯುವ ಇಬ್ಬರು ಅಡುಗೆಯವರಿಗೆ ಕೆಲಸವೂ ಅಷ್ಟೇ ಹೆಚ್ಚಿತು. ನಮ್ಮಲ್ಲಿ ಅಮ್ಮಂದಿರು ಸರದಿ ಹಾಕಿಕೊಂಡು ದಿನಕ್ಕೊಬ್ಬರಂತೆ ಮೊಟ್ಟೆ ಸುಲಿಯಲು ಬಂದರು. ಬಂದವರು ಊಟದ ರುಚಿ ನೋಡಿದರು, ನೀರಿನ ತೊಟ್ಟಿಯ ಮುಚ್ಚಳ ಒಡೆದದ್ದು ನೋಡಿದರು, ಯಾವ ಮಗು ತಟ್ಟೆಯಲ್ಲಿ ಬಿಟ್ಟೇಳುತ್ತದೆ ಎಂದು ನೋಡಿದರು. ಮೇಲುಸ್ತುವಾರಿ ಎಂದು ಸರ್ಕಾರದ ಆದೇಶದಲ್ಲಿ ಬರೆದದ್ದು ನಿಜವಾಗಿ ನಡೆದದ್ದು ಹೀಗೆ. ಅಡುಗೆಯವರ ಗೌರವಧನ ಅವರ ದುಡಿಮೆಗೆ ತಕ್ಕಷ್ಟಾಗಬೇಕು ಎಂಬ ಠರಾವನ್ನು ಅದೇ ಅಮ್ಮಂದಿರು ಮುಂದಿನ ಸಭೆಯಲ್ಲಿ ಒತ್ತಿ ಹೇಳಿ ಬರೆಸಿದರು.

ಶಾಲೆ ಮನೆಗೆ ಹೋದರೆ ಏನಾಗುತ್ತದೆಂದು ಇಡೀ ರಾಜ್ಯ ಒಮ್ಮೆ ನೋಡಿದೆ. ಕೊರೊನಾದ ಮೊದಲ ವರ್ಷ, 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಶಿಕ್ಷಕರು ದೇವಸ್ಥಾನದ ಪೌಳಿ, ಸಮುದಾಯ ಭವನ, ಮರದ ಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕು ಹರಡಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಕೆಲವು ಶಿಕ್ಷಕರು ಜೀವವನ್ನೇ ಕಳೆದುಕೊಂಡರು, ಅದನ್ನು ಮರೆಯಬಾರದು. ಆದರೂ ಆ ಕೆಲವು ವಾರಗಳಲ್ಲಿ ತಾಯಂದಿರು ಪಾಠ ಹೇಗೆ ನಡೆಯುತ್ತದೆಂದು ಮೊದಲ ಬಾರಿಗೆ ಕಣ್ಣಲ್ಲಿ ಕಂಡರು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಎರಡನೇ ತರಗತಿಗೆ ಬಂದ ಎಷ್ಟೋ ಮಕ್ಕಳು ಶಾಲೆಯ ಒಳಗನ್ನು ನೋಡಿದ್ದೇ ಅಂದು.

ಉತ್ತರ ಕರ್ನಾಟಕದಲ್ಲಿ ಮನೆಗೂ ಶಾಲೆಗೂ ದಸರೆಯ ಬಂಧ ಇನ್ನೂ ಗಟ್ಟಿ. ವಿಜಯದಶಮಿಯ ಸಂಜೆ ಮಕ್ಕಳು ಬನ್ನಿ ಹಿಡಿದು ಗುರುಗಳ ಮನೆಗೆ ಹೋಗಿ ಕಾಲಿಗೆ ಬೀಳುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ’ ಎಂಬ ಮಾತು ಅಪ್ಪ, ಅವ್ವ, ಸರ್, ಅಕ್ಕೋರು ಎಲ್ಲರ ನಡುವೆ ಓಡಾಡುತ್ತದೆ. ಆದರೆ ಅದೇ ಸೀಮೆಯಲ್ಲಿ ಎರಡನೇ ಅವಧಿಯ ಹಾಜರಿ ಪುಸ್ತಕ ಬೇರೆ ಕಥೆ ಹೇಳುತ್ತದೆ. ಹತ್ತಿ ಬಿಡಿಸುವ ಹೊಲಗಳಿಗೆ ಮಕ್ಕಳು ಅವ್ವನ ಬೆನ್ನಿಗೆ ಹೋಗುತ್ತಾರೆ. ದೀಪಾವಳಿ ಮುಗಿಯುವ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಾರ್ಖಾನೆಗಳ ಸುತ್ತಲಿನ ಹೊಲಗಳಿಗೆ ಹೊರಡುತ್ತವೆ. ಮುಂಗಡ ಕೊಡುವುದು ಗಂಡ-ಹೆಂಡತಿ ಜೋಡಿಗೆ, ಹಾಗಾಗಿ ಇಬ್ಬರೂ ಹೋಗಲೇಬೇಕು. ಮಕ್ಕಳು ಟ್ರ್ಯಾಕ್ಟರ್ ಹತ್ತುತ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಗುಡಿಸಲುಗಳ ನಡುವಿನ ಟೆಂಟ್ ಶಾಲೆಗಳು, ಊರಲ್ಲೇ ಉಳಿಯುವ ಮಕ್ಕಳಿಗೆ ಋತುಮಾನದ ವಸತಿ ನಿಲಯಗಳು ಸರ್ಕಾರದ ಯೋಜನೆಯಲ್ಲಿ ಇವೆ.

ಇಲ್ಲಿ ಅಡಿಕೆ ಚಪ್ಪರಕ್ಕೆ ಹೋದಂತೆ ಸಂಜೆ ಚೀಲ ಹಿಡಿದು ಹೋಗಲಾಗದು, ಮನೆಗೇ ಬೀಗ ಬಿದ್ದಿರುತ್ತದೆ. ಆ ಕುಟುಂಬದೊಡನೆ ಕೂತು ಮಾತಾಡಬಹುದಾದ ಕಾಲ ಅವರು ಊರು ಬಿಡುವ ಮುಂಚಿನದು, ಮಹಾಲಯ ಅಮಾವಾಸ್ಯೆಯ ಆಚೀಚೆಯದು. ಆ ಹದಿನೈದು ದಿನದಲ್ಲಿ ಎಸ್‌ಡಿಎಂಸಿಯವರೂ ಶಿಕ್ಷಕರೂ ವಲಸೆ ಹೋಗುವ ಪ್ರತಿ ಮನೆಗೆ ಹೋಗಬೇಕು. ಯಾವ ಮಗು ಹೋಗುತ್ತದೆ, ಯಾವುದು ಉಳಿಯುತ್ತದೆ, ಉಳಿದರೆ ಯಾರ ಮನೆಯಲ್ಲಿ ಎಂದು ಬರೆದುಕೊಳ್ಳಬೇಕು. ಹೋಗುವ ಮಗುವಿನ ಹೆಸರನ್ನು ಕಾರ್ಖಾನೆಯ ಹತ್ತಿರದ ಶಾಲೆಗೆ ಫೋನಿನಲ್ಲೇ ತಿಳಿಸಬೇಕು. ಉಳಿಯುವ ಮಗುವಿನ ಅವ್ವನ ಫೋನ್ ನಂಬರು ಶಾಲೆಯ ಗೋಡೆಯ ಮೇಲಿರಬೇಕು, ವಾರಕ್ಕೊಮ್ಮೆ ಶಾಲೆಯಿಂದಲೇ ಆಕೆಗೆ ಕರೆ ಹೋಗಬೇಕು. ವಸತಿ ನಿಲಯದ ಬಾಗಿಲು ಮೊದಲ ಟ್ರ್ಯಾಕ್ಟರ್ ಊರು ಬಿಡುವ ಹಿಂದಿನ ದಿನವೇ ತೆರೆದಿರಬೇಕು. ತಾಯಿ ತನ್ನ ಕೈಯಾರೆ ಅಲ್ಲಿ ಮಗುವಿನ ಹಾಸಿಗೆ ಹಾಸಿಟ್ಟು, ಅಡುಗೆಯವರ ಹೆಸರು ಕೇಳಿ ತಿಳಿದು, ಆಮೇಲೆ ಟ್ರ್ಯಾಕ್ಟರ್ ಹತ್ತುವಂತಾಗಬೇಕು.